ರಾಣಿ ತೀರಿಕೊಂಡ ವಾರ ಮೈದಾನಕ್ಕೆ ಬೀಗ

2022ರ ಸೆಪ್ಟೆಂಬರಿನಲ್ಲಿ ನಾನು ಇಂಗ್ಲೆಂಡಿನಲ್ಲಿ ತಮ್ಮನ ಮನೆಯಲ್ಲಿದ್ದೆ. ಎಂಟನೆಯ ತಾರೀಖು, ಗುರುವಾರ, ಸಂಜೆ ಆರೂವರೆಗೆ ಎರಡನೆಯ ಎಲಿಜಬೆತ್ ತೀರಿಕೊಂಡ ಸುದ್ದಿ ಪ್ರಕಟವಾಯಿತು. ಮರುದಿನ ತಮ್ಮನ ಮಗನ ಫುಟ್‌ಬಾಲ್ ತಂಡದ ವಾಟ್ಸ್ಆ್ಯಪ್ ಗುಂಪಿಗೆ ಸಂದೇಶ ಬಂತು: ವಾರಾಂತ್ಯದ ಪಂದ್ಯಗಳೆಲ್ಲ ರದ್ದು. ಅದು ಒಂಬತ್ತು ವರ್ಷದ ಹುಡುಗರ ತಂಡ. ಅವರ ಪಂದ್ಯಕ್ಕೆ ಟಿಕೆಟ್ಟಿಲ್ಲ, ಟಿ.ವಿ. ಇಲ್ಲ, ಪೊಲೀಸ್ ಬಂದೋಬಸ್ತಿಲ್ಲ. ಮಡಚುವ ಕುರ್ಚಿ ಹಾಕಿಕೊಂಡು ಫ್ಲಾಸ್ಕಿನ ಚಹಾ ಕುಡಿಯುವ ತಂದೆ ತಾಯಂದಿರೇ ಅಲ್ಲಿಯ ಪ್ರೇಕ್ಷಕರು. ಪ್ರೀಮಿಯರ್ ಲೀಗ್ ನಿಂತದ್ದು ನನಗೆ ಅರ್ಥವಾಗಿತ್ತು. ಈ ಹುಡುಗರ ಆಟ ನಿಂತದ್ದರಿಂದ 96 ವರ್ಷ ಬದುಕಿ ತೀರಿಕೊಂಡ ಹಿರಿಯ ಜೀವಕ್ಕೆ ಏನು ಸಂದಿತು ಎಂಬುದು ಮಾತ್ರ ಆಗಲೂ ಅರ್ಥವಾಗಿರಲಿಲ್ಲ. ಊರಿಗೆ ಮರಳಿದ ಮೇಲೂ ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ.

ಶನಿವಾರ ಬೆಳಿಗ್ಗೆ ಹುಡುಗನನ್ನು ಕರೆದುಕೊಂಡು ಪಾರ್ಕಿಗೆ ಹೋದೆ. ತಂಡದ ಅರ್ಧಕ್ಕಿಂತ ಹೆಚ್ಚು ಹುಡುಗರು ಆಗಲೇ ಅಲ್ಲಿದ್ದರು. ಯಾರೂ ಮಾತಾಡಿಕೊಂಡು ಬಂದಿರಲಿಲ್ಲ; ಶನಿವಾರ ಬೆಳಿಗ್ಗೆ ಅಲ್ಲಿಗೆ ಬರುವುದು ಕಾಲಿಗೇ ರೂಢಿಯಾಗಿತ್ತು, ಅಷ್ಟೆ. ಜಾಕೆಟ್ಟುಗಳನ್ನು ಗುಡ್ಡೆ ಹಾಕಿ ಗೋಲಿನ ಕಂಬ ಮಾಡಿಕೊಂಡು ಆಟ ಶುರುಮಾಡಿದರು. ಅವರ ತರಬೇತುದಾರನೂ ಬಂದಿದ್ದ, ಕೈಯಲ್ಲಿ ನಾಯಿಯ ಹಗ್ಗ ಹಿಡಿದುಕೊಂಡು. ಕೊರಳಲ್ಲಿ ಸೀಟಿ ಇರಲಿಲ್ಲ, ಹೆಗಲಿನಲ್ಲಿ ಚೆಂಡುಗಳ ಚೀಲ ಇರಲಿಲ್ಲ. ಆಟದ ಅಂಚಿಗೆ ಬರದೆ ನಾಲ್ಕು ಮಾರು ಹಿಂದೆಯೇ ನಿಂತಿದ್ದ. ಹುಡುಗನೊಬ್ಬ ಚೆಂಡನ್ನು ಯಾರಿಗೂ ಕೊಡದೆ ಒಬ್ಬನೇ ಹೊಡೆದುಕೊಂಡು ಓಡಿದಾಗ ಆತ ಏನೋ ಕೂಗಲು ಬಾಯಿ ತೆರೆದು, ಮತ್ತೆ ಮುಚ್ಚಿಕೊಂಡು, ನಾಯಿಯ ಕಡೆಗೆ ತಿರುಗಿದ. ಫುಟ್‌ಬಾಲ್ ಇಲ್ಲ ಎಂದು ಮೇಲಿನವರು ಹೇಳಿದ ಮೇಲೆ ತಾನು ಅಲ್ಲಿ ತರಬೇತುದಾರನಾಗಿ ನಿಂತಂತೆ ಕಾಣಬಾರದೆಂಬ ಎಚ್ಚರ ಅದು. ಹುಡುಗರಿಗೆ ಅದರ ಪರಿವೆಯೇ ಇರಲಿಲ್ಲ.

ಅದೇ ಪಾರ್ಕಿನ ಇನ್ನೊಂದು ಕಡೆ ಮಧ್ಯಾಹ್ನ ಕ್ಲಬ್ ಕ್ರಿಕೆಟ್ ಪಂದ್ಯ ನಡೆಯಿತು. ಎರಡೂ ತಂಡದವರು ಪಿಚ್ಚಿನ ಪಕ್ಕದಲ್ಲಿ ಸಾಲಾಗಿ ನಿಂತು ಮೌನ ಆಚರಿಸಿದರು. ತೋಳಿಗೆ ಕಟ್ಟಿಕೊಂಡದ್ದು ಅಂಗಡಿಯ ಕಪ್ಪು ಪಟ್ಟಿಯಲ್ಲ, ವಿದ್ಯುತ್ ತಂತಿಗೆ ಸುತ್ತುವ ಕಪ್ಪು ಟೇಪು. ಒಬ್ಬ ಹಲ್ಲಿನಿಂದ ಕಚ್ಚಿ ಹರಿದು ಇನ್ನೊಬ್ಬನಿಗೆ ಸುತ್ತುತ್ತಿದ್ದ. ಆಮೇಲೆ ಎಂದಿನಂತೆ ಆಡಿದರು. ಒಂದೇ ಹುಲ್ಲುಗಾವಲು, ಒಬ್ಬಳೇ ರಾಣಿ, ಒಂದೇ ಶೋಕ. ಒಂದು ಆಟಕ್ಕೆ ಅನುಮತಿ ಇತ್ತು, ಇನ್ನೊಂದಕ್ಕೆ ಇರಲಿಲ್ಲ.

ಯಾರೂ ಹೇಳದ ಆಜ್ಞೆ

ಆ ವಾರದ ವಿಚಿತ್ರವೆಂದರೆ ಆಟ ನಿಲ್ಲಿಸಿ ಎಂದು ಸರ್ಕಾರ ಯಾರಿಗೂ ಹೇಳಿರಲಿಲ್ಲ. ಕ್ರೀಡಾಕೂಟಗಳನ್ನು ರದ್ದುಪಡಿಸುವ ಅಥವಾ ಮುಂದೂಡುವ ಕಟ್ಟುಪಾಡು ಇಲ್ಲ, ಅದು ಆಯಾ ಸಂಸ್ಥೆಗಳ ವಿವೇಚನೆಗೆ ಬಿಟ್ಟದ್ದು, ಅಂತ್ಯಸಂಸ್ಕಾರದ ದಿನ ಮಾತ್ರ ಆ ಬಗ್ಗೆ ಯೋಚಿಸಬಹುದು ಎಂದಷ್ಟೇ ಮಾರ್ಗಸೂಚಿ ಹೇಳಿತ್ತು. ಆಡುವುದಾದರೆ ಮೌನಾಚರಣೆ ಮಾಡಬಹುದು, ರಾಷ್ಟ್ರಗೀತೆ ನುಡಿಸಬಹುದು, ಕಪ್ಪು ಪಟ್ಟಿ ಕಟ್ಟಬಹುದು ಎಂದೂ ಸೂಚಿಸಿತ್ತು. ಆಡಿಯೇ ಗೌರವ ಸಲ್ಲಿಸಲು ದಾರಿ ತೆರೆದಿತ್ತು ಎಂದಾಯಿತು.

ಆ ದಾರಿಯನ್ನು ಒಬ್ಬೊಬ್ಬರು ಒಂದೊಂದು ರೀತಿ ಹಿಡಿದರು. ಓವಲ್ ಮೈದಾನದಲ್ಲಿ ದಕ್ಷಿಣ ಆಫ್ರಿಕದ ವಿರುದ್ಧ ಮೂರನೆಯ ಟೆಸ್ಟಿನ ಮೊದಲ ದಿನ ಮಳೆಗೆ ಹೋಗಿತ್ತು, ಎರಡನೆಯ ದಿನವನ್ನು ಶೋಕಕ್ಕೆ ಬಿಟ್ಟುಕೊಟ್ಟರು, ಶನಿವಾರ ಆಟ ಶುರುವಾಯಿತು. ವೆಂಟ್‌ವರ್ತಿನ ಗಾಲ್ಫ್ ಪಂದ್ಯಾವಳಿ ಶುಕ್ರವಾರ ನಿಂತು, 72 ಹೋಲುಗಳ ಬದಲು 54ಕ್ಕೆ ಇಳಿದು, ಮುಗಿಯಿತು. ರಗ್ಬಿ ಪ್ರೀಮಿಯರ್‌ಶಿಪ್ ಶನಿವಾರ ಮತ್ತು ಭಾನುವಾರ ಆಡಿತು. ರಾಣಿಗೆ ಎಲ್ಲಕ್ಕಿಂತ ಪ್ರಿಯವಾಗಿದ್ದ ಕುದುರೆ ರೇಸು ಎರಡು ದಿನ ಸುಮ್ಮನಿದ್ದು ಡಾಂಕಾಸ್ಟರಿನ ಸೇಂಟ್ ಲೆಜರ್ ರೇಸನ್ನು ಭಾನುವಾರಕ್ಕೆ ಸರಿಸಿತು. 1977ರಲ್ಲಿ ಅದೇ ರೇಸನ್ನು ರಾಣಿಯ ಸ್ವಂತ ಕುದುರೆ ಡನ್‌ಫರ್ಮ್ಲಿನ್ ಗೆದ್ದಿತ್ತು. ಆಕೆಯನ್ನು ಚೆನ್ನಾಗಿ ಬಲ್ಲ ಆಟದವರು ಓಟವನ್ನು ಒಂದು ದಿನ ಮುಂದಕ್ಕೆ ಹಾಕಿದರೇ ಹೊರತು ಕೈಬಿಡಲಿಲ್ಲ. ಟೂರ್ ಆಫ್ ಬ್ರಿಟನ್ ಎಂಬ ಸೈಕಲ್ ರೇಸು ಉಳಿದ ಹಂತಗಳನ್ನು ಪೂರ್ತಿಯಾಗಿ ರದ್ದುಮಾಡಿತು. ಫುಟ್‌ಬಾಲ್ ಮಾತ್ರ ಪ್ರೀಮಿಯರ್ ಲೀಗಿನಿಂದ ಹಿಡಿದು ಹಳ್ಳಿಯ ಮಕ್ಕಳ ಆಟದವರೆಗೆ ಎಲ್ಲ ಮಟ್ಟದಲ್ಲೂ ಬೀಗ ಹಾಕಿತು.

ಇದರಲ್ಲಿ ಒಂದು ಸಂಪ್ರದಾಯವಾದರೂ ಇದೆಯೇ ಎಂದು ಹಿಂದಿನದನ್ನು ನೋಡಿದರೆ ಅದೂ ಸಿಗುವುದಿಲ್ಲ. 1910ರ ಮೇ ತಿಂಗಳಲ್ಲಿ ಏಳನೆಯ ಎಡ್ವರ್ಡ್ ತೀರಿಕೊಂಡಾಗ ಮುಂದಿನ ತಿಂಗಳ ರಾಯಲ್ ಆಸ್ಕಾಟ್ ರೇಸು ನಿಲ್ಲಲಿಲ್ಲ. ಬಂದವರೆಲ್ಲ ಕಪ್ಪು ಉಡುಪು ತೊಟ್ಟು ಬಂದರು, ಅದಕ್ಕೆ ಬ್ಲ್ಯಾಕ್ ಆಸ್ಕಾಟ್ ಎಂಬ ಹೆಸರೇ ಉಳಿಯಿತು. 1952ರ ಫೆಬ್ರವರಿ 6, ಬುಧವಾರ, ಆರನೆಯ ಜಾರ್ಜ್ ತೀರಿಕೊಂಡ ಮೂರನೆಯ ದಿನವೇ ಇಂಗ್ಲೆಂಡಿನ ಫುಟ್‌ಬಾಲ್ ಲೀಗ್ ಪಂದ್ಯಗಳು ಮೌನ ಮತ್ತು ರಾಷ್ಟ್ರಗೀತೆಯೊಂದಿಗೆ ನಡೆದವು. ಆ ಶನಿವಾರ ನಿಂತದ್ದು ರಗ್ಬಿ: ಇಂಗ್ಲೆಂಡ್ ಮತ್ತು ಐರ್ಲೆಂಡ್ ನಡುವಿನ ಪಂದ್ಯವನ್ನು ಮಾರ್ಚಿನ ಕೊನೆಗೆ ಹಾಕಿದರು. 70 ವರ್ಷದ ಬಳಿಕ ಎರಡೂ ಆಟಗಳು ಜಾಗ ಬದಲಿಸಿಕೊಂಡವು. ಹಾಗಾಗಿ ಇದು ಪದ್ಧತಿಯ ಮಾತಲ್ಲ; ಆಯಾ ಕಾಲದಲ್ಲಿ ಯಾರಿಗೆ ತಮ್ಮ ನಿಷ್ಠೆಯನ್ನು ತೋರಿಸಿಕೊಳ್ಳುವ ಅಗತ್ಯ ಹೆಚ್ಚಾಗಿತ್ತು ಎಂಬ ಮಾತು.

ಫುಟ್‌ಬಾಲಿಗೆ ಆ ಅಗತ್ಯ ಯಾಕೆ ಬಂತು? ನನ್ನ ಊಹೆ ಹೀಗಿದೆ. ಅದು ಕಾರ್ಮಿಕರ ಬೀದಿಗಳಲ್ಲಿ ಬೆಳೆದ ಆಟ, ಗ್ಯಾಲರಿಯ ಬಾಯಿಗೆ ಬೀಗ ಹಾಕಲಾಗದ ಆಟ. ಯಾವುದೋ ಒಂದು ಮೈದಾನದ ಮೂಲೆಯಲ್ಲಿ ಮೌನ ಮುರಿದು ಯಾರಾದರೂ ಕೂಗಿದರೆ ಮರುದಿನದ ಪತ್ರಿಕೆಯ ಮುಖಪುಟ ಹೇಗಿರುತ್ತದೆಂದು ಆಡಳಿತದವರಿಗೆ ಗೊತ್ತಿತ್ತು. ಹಳೆಯ ಪೆಟ್ಟಿನ ನೆನಪೂ ಇದ್ದಿರಬಹುದು: 1997ರಲ್ಲಿ ಡಯಾನಾಳ ಅಂತ್ಯಸಂಸ್ಕಾರದ ಶನಿವಾರದಂದೇ ಬೆಲಾರೂಸ್ ವಿರುದ್ಧದ ವಿಶ್ವಕಪ್ ಅರ್ಹತಾ ಪಂದ್ಯವನ್ನು ಆಡಲು ಹೊರಟ ಸ್ಕಾಟ್ಲೆಂಡ್ ಸಂಸ್ಥೆ ಜನರ ಸಿಟ್ಟಿಗೆ ಗುರಿಯಾಗಿ ಪಂದ್ಯವನ್ನು ಭಾನುವಾರಕ್ಕೆ ಸರಿಸಬೇಕಾಗಿ ಬಂದಿತ್ತು. ಆಡಿದರೆ ಬೈಗುಳ ಖಂಡಿತ, ಆಡದಿದ್ದರೆ ಗೊಣಗಾಟ ಮಾತ್ರ ಎಂಬ ಲೆಕ್ಕ ಹಾಕಿದವರು ಎಲ್ಲಿಯಾದರೂ ಆಡದಿರುವುದನ್ನೇ ಆರಿಸಿಕೊಳ್ಳುತ್ತಾರೆ.

ಆ ಲೆಕ್ಕದ ಪಾಡು ಫುಟ್‌ಬಾಲಿಗಷ್ಟೇ ಸೀಮಿತವಾಗಿರಲಿಲ್ಲ. ಒಂದು ರಜಾಧಾಮದ ಕಂಪನಿ ಅಂತ್ಯಸಂಸ್ಕಾರದ ದಿನ ಅತಿಥಿಗಳು ಜಾಗ ಖಾಲಿಮಾಡಬೇಕೆಂದು ಹೇಳಿ, ನಗೆಪಾಟಲಾಗಿ, ಮಾತು ಹಿಂತೆಗೆದುಕೊಂಡಿತು. ಒಂದು ನಗರಸಭೆ ಸೈಕಲ್ ನಿಲ್ಲಿಸುವ ಕಂಬಿಗಳಿಗೂ ಶೋಕದ ಚೀಟಿ ಅಂಟಿಸಿ ಮುಚ್ಚಿತು. ಬೆಂಗಳೂರಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. 2006ರ ಏಪ್ರಿಲ್‌ನಲ್ಲಿ ರಾಜಕುಮಾರ್ ತೀರಿಕೊಂಡ ದಿನ ಎಳೆದ ಅಂಗಡಿ ಬಾಗಿಲುಗಳಲ್ಲಿ ಯಾವುದು ದುಃಖಕ್ಕೆ ಎಳೆದದ್ದು, ಯಾವುದು ಕಲ್ಲಿಗೆ ಹೆದರಿ ಎಳೆದದ್ದು ಎಂದು ಹೊರಗೆ ನಿಂತು ಹೇಳಲು ಯಾರಿಂದಲೂ ಆಗುತ್ತಿರಲಿಲ್ಲ.

ಇನ್ನೊಂದು ಸಂಗತಿಯನ್ನು ಇಲ್ಲೇ ಹೇಳಬೇಕು. ಸುದ್ದಿ ಬಂದ ಗುರುವಾರ ರಾತ್ರಿಯೇ ಮ್ಯಾಂಚೆಸ್ಟರ್ ಯುನೈಟೆಡ್ ಮತ್ತು ವೆಸ್ಟ್ ಹ್ಯಾಮ್ ತಮ್ಮ ತಮ್ಮ ಮೈದಾನಗಳಲ್ಲಿ ಯುರೋಪಿನ ತಂಡಗಳ ವಿರುದ್ಧ ಆಡಿದವು. ಒಂದೂವರೆ ಗಂಟೆಯ ಹಿಂದೆ ಸುದ್ದಿ ಕೇಳಿದ್ದ ಜನ ಮೌನವಾಗಿ ನಿಂತರು; ಪೂರ್ವ ಲಂಡನ್ನಿನ ವೆಸ್ಟ್ ಹ್ಯಾಮ್ ಮೈದಾನದಲ್ಲಿ ಯಾರೂ ಹೇಳಿಕೊಡದೆ ಗ್ಯಾಲರಿ ತಾನಾಗಿಯೇ ರಾಷ್ಟ್ರಗೀತೆ ಹಾಡಿತು. ಸಭೆ ಸೇರಿ ನಿರ್ಣಯ ತೆಗೆದುಕೊಳ್ಳಲು ಯಾರಿಗೂ ಹೊತ್ತು ಸಿಗದ ರಾತ್ರಿ ಅದು. ಫುಟ್‌ಬಾಲ್ ಪ್ರೇಕ್ಷಕರು ಆ ಹತ್ತು ದಿನಗಳಲ್ಲಿ ತೋರಿದ ಅತ್ಯಂತ ಸಹಜವಾದ ಶೋಕವೂ ಅದೇ. ಬಳಿಕ ಇಂಗ್ಲೆಂಡಿನ ಮಾಜಿ ಆಟಗಾರ ಪೀಟರ್ ಕ್ರೌಚ್, ಕಪ್ಪು ಪಟ್ಟಿ ಕಟ್ಟಿ, ಮೌನ ಆಚರಿಸಿ, ಜಗತ್ತಿನ ಕೋಟ್ಯಂತರ ಜನರ ಮುಂದೆ ಆಡಿದ್ದರೆ ಅದೇ ಹೆಚ್ಚಿನ ಬೀಳ್ಕೊಡುಗೆಯಾಗುತ್ತಿರಲಿಲ್ಲವೇ ಎಂದು ಕೇಳಿದಾಗ ಆತನ ಮುಂದೆ ಗುರುವಾರ ರಾತ್ರಿಯ ಈ ಪುರಾವೆ ಇತ್ತು.

ಚೆಪಾಕಿನ ವಿಶ್ರಾಂತಿ ದಿನ

ಈ ವಿಷಯವನ್ನು ಯೋಚಿಸುವಾಗ ನನಗೆ ಲಂಡನ್ನಿಗಿಂತ ಮದರಾಸೇ ಹೆಚ್ಚು ನೆನಪಾಗುತ್ತದೆ. 1952ರ ಫೆಬ್ರವರಿ 6ರಂದು ಚೆಪಾಕಿನಲ್ಲಿ ಭಾರತ ಮತ್ತು ಇಂಗ್ಲೆಂಡ್ ನಡುವೆ ಐದನೆಯ ಟೆಸ್ಟ್ ಶುರುವಾಗಿತ್ತು. ಭಾರತದ ನಾಯಕ ವಿಜಯ್ ಹಜಾರೆ. ಇಂಗ್ಲೆಂಡಿನ ನಾಯಕ ನೈಜೆಲ್ ಹೊವಾರ್ಡ್ ಕಾಯಿಲೆ ಬಿದ್ದಿದ್ದರಿಂದ ಡೊನಾಲ್ಡ್ ಕಾರ್ ತಂಡವನ್ನು ನಡೆಸುತ್ತಿದ್ದ. ಆ ದಿನ ಲಂಡನ್ನಿನಲ್ಲಿ ಬೆಳಿಗ್ಗೆ ಹತ್ತೂ ಮುಕ್ಕಾಲಿಗೆ ಆರನೆಯ ಜಾರ್ಜನ ಸಾವನ್ನು ಪ್ರಕಟಿಸಿದರು. ನಮ್ಮ ಗಡಿಯಾರದಲ್ಲಿ ಅದು ಸಂಜೆ ನಾಲ್ಕೂ ಕಾಲು. ಭಾರತ ಗಣರಾಜ್ಯವಾಗಿ ಎರಡು ವರ್ಷವಾಗಿತ್ತು. ಸತ್ತವನು ನಮ್ಮ ದೊರೆಯಾಗಿರಲಿಲ್ಲ, ಕಾಮನ್‌ವೆಲ್ತಿನ ಮುಖ್ಯಸ್ಥ ಮಾತ್ರ. ಎದುರಿಗೆ ಆಡುತ್ತಿದ್ದವರಿಗೆ ಮಾತ್ರ ಅವನು ಖಂಡಿತವಾಗಿ ದೊರೆ.

ಆಯೋಜಕರು ಮಾಡಿದ್ದು ಬಹಳ ಸರಳ. ಆಗಿನ ಟೆಸ್ಟುಗಳಲ್ಲಿ ನಡುವೆ ಒಂದು ವಿಶ್ರಾಂತಿ ದಿನ ಇರುತ್ತಿತ್ತು. ಆ ದಿನವನ್ನು ಹಿಂದಕ್ಕೆ ಎಳೆದು 7ನೆಯ ತಾರೀಖಿಗೆ ತಂದಿಟ್ಟರು. ದಾಖಲೆಯಲ್ಲಿ ಇಂದಿಗೂ ಆ ಪಂದ್ಯದ ತಾರೀಖುಗಳು 6, 8, 9, 10 ಎಂದೇ ಇವೆ. ಅತಿಥಿಗಳಿಗೆ ಶೋಕಿಸಲು ಪೂರ್ತಿ ಒಂದು ದಿನ ಸಿಕ್ಕಿತು, ಟಿಕೆಟ್ ಕೊಂಡವನಿಗೆ ಒಂದು ಓವರೂ ನಷ್ಟವಾಗಲಿಲ್ಲ. ಆ ಪಂದ್ಯದ ಮೊದಲ ಇನಿಂಗ್ಸಿನಲ್ಲಿ ವಿನೂ ಮಂಕಡ್ 55 ರನ್ನಿಗೆ 8 ವಿಕೆಟ್ ಕಿತ್ತ, ಅವುಗಳಲ್ಲಿ ನಾಲ್ಕು ಪ್ರಬೀರ್ ಸೇನ್ ಮಾಡಿದ ಸ್ಟಂಪಿಂಗುಗಳು. ಪಂಕಜ್ ರಾಯ್ ಮತ್ತು ಪಾಲಿ ಉಮ್ರಿಗರ್ ಶತಕ ಹೊಡೆದರು. ಇನಿಂಗ್ಸ್ ಮತ್ತು 8 ರನ್ನುಗಳಿಂದ ಭಾರತ ಗೆದ್ದಿತು. ಅದು 25ನೆಯ ಟೆಸ್ಟಿನಲ್ಲಿ ಭಾರತಕ್ಕೆ ದಕ್ಕಿದ ಮೊಟ್ಟಮೊದಲ ಗೆಲುವು. ರಾಜನ ಸಾವಿಗೆ ಆ ಪಂದ್ಯವನ್ನೇ ಕೈಬಿಟ್ಟಿದ್ದರೆ ಆ ಗೆಲುವಿಗೆ ಭಾರತ ಇನ್ನೂ ಕಾಯಬೇಕಾಗುತ್ತಿತ್ತು.

ಇದನ್ನು ಹಳೆಯ ಕಾಲದ ಸೌಜನ್ಯ ಎಂದು ಕೊಂಡಾಡಿ ಬಿಡುವುದು ಸುಲಭ. ಆದರೆ ಆ ಸೌಜನ್ಯಕ್ಕೆ ವೇಳಾಪಟ್ಟಿಯಲ್ಲಿ ಎಡೆಯಿತ್ತು ಎಂಬುದೇ ಮುಖ್ಯ ಎಂದು ನನಗನ್ನಿಸುತ್ತದೆ. ಒಂದು ದಿನ ಸುಮ್ಮನೆ ಬಿದ್ದುಕೊಂಡಿತ್ತು, ಅದನ್ನು ತೆಗೆದು ಸಾವಿಗೆ ಕೊಟ್ಟರು. 2022ರ ಓವಲ್ ಟೆಸ್ಟಿನಲ್ಲಿ ಅಂಥ ದಿನ ಇರಲಿಲ್ಲ. ಗುರುವಾರ ಮಳೆ, ಶುಕ್ರವಾರ ಶೋಕ, ಉಳಿದದ್ದು ಮೂರು ದಿನ. ಪಂದ್ಯವನ್ನು ಮಂಗಳವಾರಕ್ಕೆ ವಿಸ್ತರಿಸಲಿಲ್ಲ. ದಕ್ಷಿಣ ಆಫ್ರಿಕ 118 ಮತ್ತು 169ಕ್ಕೆ ಉರುಳಿದ್ದರಿಂದ ಸೋಮವಾರ ಬೆಳಿಗ್ಗೆಯೇ ಇಂಗ್ಲೆಂಡ್ ಒಂಬತ್ತು ವಿಕೆಟ್ಟುಗಳಿಂದ ಗೆದ್ದು ಎಲ್ಲರ ಮರ್ಯಾದೆ ಉಳಿಯಿತು. ಫುಟ್‌ಬಾಲಿನ ಪಾಡು ಇನ್ನೂ ಬಿಗಿ. ಆ ವರ್ಷ ಕತಾರ್ ವಿಶ್ವಕಪ್ ನವೆಂಬರಿನಲ್ಲಿದ್ದುದರಿಂದ ಋತುವನ್ನು ಮೊದಲೇ ಹಿಂಡಿ ಇಟ್ಟಿದ್ದರು. ಪೊಲೀಸರು ಸಾಲದೆ ಲಂಡನ್ನಿನ ಆರ್ಸೆನಲ್ ಮತ್ತು ನೆದರ್ಲೆಂಡ್ಸಿನ ಪಿ.ಎಸ್.ವಿ. ತಂಡಗಳ ಪಂದ್ಯ ಮುಂದಕ್ಕೆ ಹೋಯಿತು; ಅದಕ್ಕೆ ಅಕ್ಟೋಬರಿನಲ್ಲಿ ಜಾಗ ಮಾಡಲು ಆರ್ಸೆನಲ್ ಮತ್ತು ಮ್ಯಾಂಚೆಸ್ಟರ್ ಸಿಟಿ ಪಂದ್ಯವನ್ನು ಎತ್ತಿ 2023ರ ಫೆಬ್ರವರಿಗೆ ಹಾಕಬೇಕಾಯಿತು. ಸೆಪ್ಟೆಂಬರಿನ ಸಾವಿನ ಬಾಕಿ ಫೆಬ್ರವರಿಯಲ್ಲಿ ತೀರಿತು. ಇಂಥ ವೇಳಾಪಟ್ಟಿಯಲ್ಲಿ ಯಾವ ನಿರ್ಧಾರ ತೆಗೆದುಕೊಂಡರೂ ಅದು ಒರಟಾಗಿಯೇ ಕಾಣುತ್ತದೆ.

ಆಡಿದ್ದೆಲ್ಲವೂ ಸರಿಯಾಗಿತ್ತು ಎಂದೂ ನಾನು ಹೇಳುವುದಿಲ್ಲ. ಓವಲ್‌ನಲ್ಲಿ ಆಟ ಶುರುವಾದ ಅದೇ ಶನಿವಾರ ಭಾರತದ ಮಹಿಳಾ ತಂಡ ಚೆಸ್ಟರ್-ಲೆ-ಸ್ಟ್ರೀಟಿನಲ್ಲಿ ಇಂಗ್ಲೆಂಡಿನ ವಿರುದ್ಧ ಟಿ20 ಆಡಿ ಸೋತಿತು. ಮೈದಾನ ಒದ್ದೆಯಾಗಿತ್ತು, ಆಡುವ ಸ್ಥಿತಿಯಲ್ಲಿರಲಿಲ್ಲ, ಒತ್ತಾಯಕ್ಕೆ ಆಡಿದೆವು ಎಂಬ ಅರ್ಥದಲ್ಲಿ ಹರ್ಮನ್‌ಪ್ರೀತ್ ಕೌರ್ ಆಮೇಲೆ ಬೇಸರ ತೋಡಿಕೊಂಡರು. ಎಲ್ಲರ ಕಣ್ಣೂ ಓವಲ್‌ನ ಮೇಲಿದ್ದ ದಿನ ಆ ಮಾತು ಹೆಚ್ಚು ದೂರ ಕೇಳಿಸಲಿಲ್ಲ.

ಪಟೇಲರ ಮನೆಯ ಜಗಲಿ

ಮಲೆನಾಡಿನ ನಮ್ಮೂರಿನಲ್ಲಿ ಒಮ್ಮೆ ಹೊನಲು ಬೆಳಕಿನ ವಾಲಿಬಾಲ್ ಪಂದ್ಯಾವಳಿ ಇಟ್ಟುಕೊಂಡಿದ್ದೆವು. ನಾನು ಆಗ ಕಾಲೇಜಿನ ಹುಡುಗ, ಯುವಕ ಸಂಘದಲ್ಲಿ ರಸೀದಿ ಹರಿಯುವ ಕೆಲಸ ನನ್ನದು. ಪಂದ್ಯದ ದಿನ ಬೆಳಗಿನ ಜಾವ ಊರಿನ ಹಳೆಯ ಪಟೇಲರು ತೀರಿಕೊಂಡರು. ಪಟೇಲಿಕೆ ಹೋಗಿ ಎಷ್ಟೋ ಕಾಲವಾಗಿತ್ತು, ಆದರೂ ಊರಿಗೆ ಅವರೇ ಪಟೇಲರು. ನಾವು ಬಲೆ ಕಟ್ಟುವ ಗದ್ದೆಯೂ ಅವರದೇ. ಹೊರಗಿನ ತಂಡಗಳು ಆಗಲೇ ಬಸ್ಸು ಹತ್ತಿದ್ದವು, ಜನರೇಟರಿಗೆ ಮುಂಗಡ ಕೊಟ್ಟಾಗಿತ್ತು. ಸಂಘದವರಲ್ಲಿ ಅರ್ಧ ಜನ ನಿಲ್ಲಿಸೋಣ ಎಂದರು, ಅರ್ಧ ಜನ ಸುಮ್ಮನಿದ್ದರು. ಕೊನೆಗೆ ನಾಲ್ಕೈದು ಮಂದಿ ಪಟೇಲರ ಮನೆಗೇ ಹೋದೆವು.

ಜಗಲಿಯಲ್ಲಿ ಹೆಣ ಮಲಗಿಸಿದ್ದರು. ಪಟೇಲರ ಹೆಂಡತಿಯನ್ನು ಊರೆಲ್ಲ ಅಮ್ಮ ಎಂದೇ ಕರೆಯುತ್ತಿತ್ತು. ನಮ್ಮ ಅಧ್ಯಕ್ಷ ಬಾಯಿ ಬಿಡುವ ಮುಂಚೆಯೇ ಅವರು ಕೇಳಿದರು: ‘ಎಷ್ಟು ಊರಿನ ಹುಡುಗ್ರು ಬರ್ತಾರೆ?’ ಅಧ್ಯಕ್ಷ ಹೇಳಿದ. ‘ಬಂದವ್ರನ್ನ ಉಪವಾಸ ಕಳಿಸಕ್ಕಾಗತ್ತೇನ್ರೋ? ಆಡ್ಲಿ. ಹೆಣ ಎತ್ತೋ ತನಕ ಏನೂ ಶುರುಮಾಡಬೇಡಿ. ಆಮೇಲೂ ಮೈಕ್ ಹಾಕಬೇಡಿ.’ ಅಷ್ಟೇ ಮಾತು. ಮಧ್ಯಾಹ್ನ ಹೆಣ ಎತ್ತಿದರು, ನಾವೆಲ್ಲ ಸುಡುಗಾಡಿಗೆ ಹೋಗಿ ಬಂದು ಹೊಳೆಯಲ್ಲಿ ಮಿಂದೆವು, ಕತ್ತಲಾದ ಮೇಲೆ ಆಟ ಶುರುವಾಯಿತು. ಸಿನಿಮಾ ಹಾಡಿಲ್ಲ, ವೀಕ್ಷಕ ವಿವರಣೆಯಿಲ್ಲ, ದೇಣಿಗೆ ಕೊಟ್ಟವರ ಹೆಸರು ಕೂಗುವುದಿಲ್ಲ. ಜನರೇಟರಿನ ಸದ್ದು, ಚೆಂಡಿಗೆ ಅಂಗೈ ಬಡಿಯುವ ಸದ್ದು, ಸ್ಕೋರು ಹೇಳುವ ರೆಫರಿಯ ಒಂದು ದನಿ. ಬಹುಮಾನ ವಿತರಣೆಯನ್ನು ಅವರ ಹನ್ನೊಂದನೆಯ ದಿನ ಕಳೆದ ಮೇಲೆ ಮಾಡಿದೆವು.

ಇದರಲ್ಲಿ ಹಳ್ಳಿಯ ಜನ ಜಾಣರು, ನಗರದವರು ದಡ್ಡರು ಎಂಬ ಅರ್ಥವೇನಿಲ್ಲ. ಬೇರೆ ಮನೆಯಾಗಿದ್ದರೆ ನಿಲ್ಲಿಸಿ ಎನ್ನುತ್ತಿದ್ದರೇನೋ, ನಾವು ನಿಲ್ಲಿಸುತ್ತಿದ್ದೆವು. ನಮಗೆ ಹೋಗಿ ಕೇಳಲು ಒಂದು ಬಾಗಿಲಿತ್ತು ಎಂಬುದು ದೊಡ್ಡ ಸಂಗತಿ. ಅರಸರ ಸಾವಿನಲ್ಲಿ ಅಂಥ ಬಾಗಿಲು ಇರುವುದಿಲ್ಲ. ಲೀಗಿನ ಅಧಿಕಾರಿ ಅರಮನೆಯ ಜಗಲಿಗೆ ಹೋಗಿ ಆಡಬಹುದೇ ಅಮ್ಮ ಎಂದು ಕೇಳಲಾರ. ಸತ್ತವರ ಮನೆಯವರ ಮನಸ್ಸನ್ನು, ಅದಕ್ಕಿಂತ ಹೆಚ್ಚಾಗಿ ದೇಶದ ಮನಸ್ಸನ್ನು, ಕೊಠಡಿಯೊಳಗೆ ಕುಳಿತವರು ಊಹಿಸಬೇಕು. ಹೆದರಿಕೆಯಲ್ಲಿ ಊಹಿಸುವವರು ಯಾವಾಗಲೂ ಅಗತ್ಯಕ್ಕಿಂತ ಹೆಚ್ಚು ಊಹಿಸುತ್ತಾರೆ. ಅಮ್ಮ ನಿಲ್ಲಿಸಿದ್ದು ಮೈಕನ್ನು. ನಮ್ಮ ಸಂಘದ ಅರ್ಧ ಜನ ನಿಲ್ಲಿಸಹೊರಟಿದ್ದು ಆಟವನ್ನು.

ಬೇಡ ಎನ್ನಲಾಗದ ಕಡೆ

ಜಪಾನಿನ ಚಕ್ರವರ್ತಿ ಹಿರೋಹಿತೊ 1989ರ ಜನವರಿ 7ರ ಮುಂಜಾನೆ ತೀರಿಕೊಂಡ. ಆ ದಿನವೇ ಹೈಸ್ಕೂಲು ರಗ್ಬಿಯ ರಾಷ್ಟ್ರೀಯ ಫೈನಲ್ ಇತ್ತು. ಅದನ್ನು ರದ್ದುಮಾಡಿ ಎರಡೂ ಶಾಲೆಗಳನ್ನು ಜಂಟಿ ವಿಜೇತರೆಂದು ಸಾರಿದರು. ವೃತ್ತಿಪರ ಸುಮೋ ಪಂದ್ಯಾವಳಿ ಒಂದು ದಿನ ತಡವಾಗಿ ಶುರುವಾಯಿತು, ಅಷ್ಟೆ. ಹಣ ಮತ್ತು ಪ್ರತಿಷ್ಠೆ ಇರುವ ದೊಡ್ಡವರಿಗೆ ಮುಂದೂಡಿಕೆ, ಮಕ್ಕಳಿಗೆ ರದ್ದತಿ. ಆ ಹುಡುಗರು ಒಂದು ವರ್ಷ ಬೆವರು ಹರಿಸಿ ಬಂದಿದ್ದ ಫೈನಲ್ ಅದು. ಮುಂದಿನ ವರ್ಷ ಅವರಲ್ಲಿ ಹಲವರು ಶಾಲೆಯಲ್ಲೇ ಇರುವುದಿಲ್ಲ.

ಥಾಯ್ಲೆಂಡಿನ ದೊರೆ ಭೂಮಿಬೋಲ್ 2016ರ ಅಕ್ಟೋಬರ್ 13ರಂದು ತೀರಿಕೊಂಡಾಗ ಅಲ್ಲಿಯ ಫುಟ್‌ಬಾಲ್ ಲೀಗಿನಲ್ಲಿ ಇನ್ನು ಮೂರು ಸುತ್ತು ಬಾಕಿ ಇದ್ದವು. ಋತುವನ್ನು ಅಲ್ಲಿಗೇ ಮುಗಿಸಿ, ಮುಂದಿದ್ದ ಮುವಾಂಗ್‌ಥಾಂಗ್ ಯುನೈಟೆಡ್ ತಂಡವನ್ನು ವಿಜೇತರೆಂದು ಘೋಷಿಸಿದರು. ಅಲ್ಲಿಯ ನಾಕೌಟ್ ಪಂದ್ಯಾವಳಿಯಾದ ಎಫ್.ಎ. ಕಪ್ಪಿನಲ್ಲಿ ಸೆಮಿಫೈನಲ್ ತಲುಪಿದ್ದ ನಾಲ್ಕು ತಂಡಗಳಲ್ಲಿ ಏಷ್ಯಾದ ಪಂದ್ಯಾವಳಿಗೆ ಯಾರು ಹೋಗಬೇಕೆಂಬುದನ್ನು ಚೀಟಿ ಎತ್ತಿ ನಿರ್ಧರಿಸಿದರು. ಅದೃಷ್ಟ ಸುಖೋಥಾಯ್ ತಂಡದ್ದಾಯಿತು. 70 ವರ್ಷ ಆಳಿದ ಆ ದೊರೆಯ ಮೇಲೆ ಅಲ್ಲಿಯ ಜನರಿಗಿದ್ದ ಭಕ್ತಿ ಸುಳ್ಳಲ್ಲ. ಬೀದಿಬೀದಿಗಳಲ್ಲಿ ಜನ ತಿಂಗಳುಗಟ್ಟಲೆ ಕಪ್ಪು ತೊಟ್ಟರು. ಆದರೆ ಅರಸರ ನಿಂದೆಗೆ ವರ್ಷಗಟ್ಟಲೆ ಜೈಲು ಹಾಕುವ ಕಾನೂನಿರುವ ದೇಶದಲ್ಲಿ ‘ಉಳಿದ ಮೂರು ಸುತ್ತನ್ನು ಮುಂದಿನ ತಿಂಗಳು ಆಡೋಣ’ ಎಂಬ ಸಾದಾ ಮಾತನ್ನು ಗಟ್ಟಿಯಾಗಿ ಹೇಳಲು ಎಷ್ಟು ಧೈರ್ಯ ಬೇಕು? ಇಷ್ಟಾಗಿಯೂ ನವೆಂಬರ್ 15ರಂದು ಬ್ಯಾಂಕಾಕಿನಲ್ಲಿ ಆಸ್ಟ್ರೇಲಿಯಾ ವಿರುದ್ಧದ ವಿಶ್ವಕಪ್ ಅರ್ಹತಾ ಪಂದ್ಯ ನಡೆಯಿತು. ಪ್ರೇಕ್ಷಕರು ಕಪ್ಪು ಅಥವಾ ಸಾದಾ ಬಣ್ಣದ ಬಟ್ಟೆಯಲ್ಲಿ ಬಂದರು, ಥಾಯ್ ತಂಡ ಬಲಾಢ್ಯರ ಎದುರು 2-2ರ ಸಮ ಸಾಧಿಸಿತು. ಅಂತರರಾಷ್ಟ್ರೀಯ ಒಕ್ಕೂಟದ ವೇಳಾಪಟ್ಟಿ ಎದುರಿಗೆ ನಿಂತಾಗ ಶೋಕಕ್ಕೂ ಆಟಕ್ಕೂ ಒಟ್ಟಿಗೆ ಜಾಗ ಸಿಕ್ಕಿತು.

ನಮ್ಮಲ್ಲಿ ಈ ಕಟ್ಟುನಿಟ್ಟು ಬಂದೇ ಇಲ್ಲ ಎನ್ನಬಹುದು. ಎಲಿಜಬೆತ್‌ಗಾಗಿ ಭಾರತ ಸರ್ಕಾರ 2022ರ ಸೆಪ್ಟೆಂಬರ್ 11ನ್ನು ಶೋಕದ ದಿನವೆಂದು ಸಾರಿತು. ಧ್ವಜ ಅರ್ಧಕ್ಕಿಳಿಯಿತು, ಸರ್ಕಾರಿ ಮನರಂಜನೆ ನಿಂತಿತು. ಅದೇ ವರ್ಷದ ಫೆಬ್ರವರಿ 6ರಂದು ಲತಾ ಮಂಗೇಶ್ಕರ್ ತೀರಿಕೊಂಡು ಎರಡು ದಿನದ ರಾಷ್ಟ್ರೀಯ ಶೋಕ ಘೋಷಣೆಯಾದ ದಿನವೇ ಭಾರತ ತಂಡ ಅಹಮದಾಬಾದಿನಲ್ಲಿ ವೆಸ್ಟ್ ಇಂಡೀಸ್ ವಿರುದ್ಧ ತನ್ನ ಸಾವಿರದ ಏಕದಿನ ಪಂದ್ಯವನ್ನು ಕಪ್ಪು ಪಟ್ಟಿ ಕಟ್ಟಿ ಆಡಿತು. ಕ್ರಿಕೆಟ್ಟನ್ನು ಪ್ರೀತಿಸಿದ ಹಾಡುಗಾರ್ತಿಗೆ ಅವಮಾನವಾಯಿತೆಂದು ಯಾರಿಗೂ ಅನ್ನಿಸಲಿಲ್ಲ.

ಆಡುವುದರ ಇಕ್ಕಟ್ಟು

ಇಷ್ಟೆಲ್ಲ ಹೇಳಿದ ಮೇಲೆ ನನ್ನ ಒಲವು ಎಲ್ಲಿದೆಯೆಂದು ಬೇರೆ ಹೇಳಬೇಕಾಗಿಲ್ಲ. ಸುದ್ದಿ ಬಂದ ದಿನ ನಿಲ್ಲಲಿ. ಅಂತ್ಯಸಂಸ್ಕಾರದ ದಿನ ಪೊಲೀಸರು, ರೈಲು, ಆಂಬುಲೆನ್ಸು ಎಲ್ಲವೂ ಒಂದೇ ಕಡೆ ಬೇಕಾಗುತ್ತವೆ, ಆಗಲೂ ನಿಲ್ಲಲಿ. ನಡುವಿನ ದಿನಗಳಲ್ಲಿ ಆಡಲಿ, ಮಕ್ಕಳ ಮತ್ತು ಊರ ಕ್ಲಬ್ಬುಗಳ ಆಟವನ್ನು ಮೇಲಿನವರು ಮುಟ್ಟದಿರಲಿ. ಆದರೆ ಆಡಬೇಕು ಎನ್ನುವವರು ಸಾಮಾನ್ಯವಾಗಿ ಒಂದು ತೊಡಕನ್ನು ನೋಡುವುದಿಲ್ಲ. ಆಟ ರದ್ದಾದರೆ ರಾಜಪ್ರಭುತ್ವ ಬೇಡ ಎನ್ನುವವನು ಮನೆಯಲ್ಲಿ ತನ್ನ ಪಾಡಿಗಿರುತ್ತಾನೆ. ಆಟ ನಡೆದರೆ ಅವನು ಟಿಕೆಟ್ ತೋರಿಸಿ ಒಳಗೆ ಬಂದು, ತನಗೆ ಬೇಡದ ಮೌನಕ್ಕೂ ಬೇಡದ ಗೀತೆಗೂ ಎದ್ದು ನಿಲ್ಲಬೇಕಾಗುತ್ತದೆ. ರದ್ದತಿ ಅವನ ಆಟವನ್ನು ಕಸಿಯುತ್ತದೆ, ಪಂದ್ಯ ಅವನ ನಿಲುವನ್ನು ಕೇಳುತ್ತದೆ.

ಮುಂದಿನ ವಾರದಲ್ಲಿ ಇದೇ ಆಯಿತು. ಲಿವರ್‌ಪೂಲಿನ ಆ್ಯನ್‌ಫೀಲ್ಡಿನಲ್ಲಿ ಅಯಾಕ್ಸ್ ವಿರುದ್ಧದ ಪಂದ್ಯಕ್ಕೆ ಮುಂಚಿನ ಮೌನದಲ್ಲಿ ಕೆಲವು ಕೂಗುಗಳು ಕೇಳಿಬಂದವು. ಲಂಡನ್ನಿನ ಸರ್ಕಾರ ತಮ್ಮ ಊರನ್ನು ಕೈಬಿಟ್ಟಿತೆಂಬ ಹಳೆಯ ಸಿಟ್ಟು ಆ ಗ್ಯಾಲರಿಯಲ್ಲಿ ತಲೆಮಾರುಗಳಿಂದ ಇದೆ. ಗ್ಲಾಸ್ಗೊದಲ್ಲಿ ಯುರೋಪಿನ ಫುಟ್‌ಬಾಲ್ ಒಕ್ಕೂಟವಾದ ಯು.ಇ.ಎಫ್.ಎ. ಒಪ್ಪದಿದ್ದರೂ ರೇಂಜರ್ಸ್ ತಂಡ ನಾಪೋಲಿ ವಿರುದ್ಧದ ಪಂದ್ಯಕ್ಕೆ ಮುಂಚೆ ರಾಷ್ಟ್ರಗೀತೆ ನುಡಿಸಿತು. ಅದೇ ಊರಿನ ಸೆಲ್ಟಿಕ್ ತಂಡದ ಬೆಂಬಲಿಗರು ವಾರ್ಸಾದಲ್ಲಿ ರಾಜಮನೆತನವನ್ನು ಹೀಯಾಳಿಸುವ ಬ್ಯಾನರ್ ಹಿಡಿದರು. ಮರುದಿನ ಎಲ್ಲೆಡೆ ಮಾತು ನಡೆದದ್ದು ಕೂಗಿದವರ ಬಗ್ಗೆ. ಸುಮ್ಮನೆ ನಿಂತವರಲ್ಲಿ ಎಷ್ಟು ಮಂದಿಗೆ ದುಃಖವಿತ್ತು, ಎಷ್ಟು ಮಂದಿ ಪಕ್ಕದವನಿಗೆ ಅಂಜಿ ನಿಂತಿದ್ದರು ಎಂದು ಯಾರೂ ವಿಚಾರಿಸಲಿಲ್ಲ.

ಇದಕ್ಕೆ ನನಗೆ ಕಾಣುವ ದಾರಿ ತೀರಾ ಸಣ್ಣದು. ಮೌನವನ್ನು ಆಟ ಶುರುವಾಗುವ ಗಳಿಗೆಗೆ ಅಂಟಿಸದೆ ಕಾಲು ಗಂಟೆ ಮೊದಲೇ ಇಡಬಹುದು, ಹಾಗೆಂದು ಟಿಕೆಟ್ಟಿನ ಮೇಲೂ ಗೇಟಿನ ಬಳಿಯೂ ಬರೆದು ಹಾಕಬಹುದು. ಬೇಕಾದವರು ಆ ಹೊತ್ತಿಗೆ ಒಳಗೆ ಬಂದು ನಿಲ್ಲುತ್ತಾರೆ, ಬೇಡದವರು ಹೊರಗೆ ಚಿಪ್ಸು ತಿಂದು ಆಟದ ಹೊತ್ತಿಗೆ ಬರುತ್ತಾರೆ. ಟಿ.ವಿ.ಯವರು ಇದಕ್ಕೆ ಒಪ್ಪುವುದು ಕಷ್ಟ, ಏಕೆಂದರೆ ತುಂಬಿದ ಮೈದಾನದ ಮೌನವೇ ಅವರಿಗೆ ಬೇಕಾದ ಚಿತ್ರ. ಕ್ಲಬ್ಬುಗಳೂ ಅರ್ಧ ಖಾಲಿ ಕುರ್ಚಿಗಳು ಪತ್ರಿಕೆಯಲ್ಲಿ ಬಂದರೆ ಎಂದು ಹೆದರುತ್ತವೆ. ಖಾಲಿ ಕುರ್ಚಿ ಕಂಡರೆ ಕಾಣಲಿ. ಯಾರು ಯಾಕೆ ನಿಂತಿದ್ದಾರೆಂಬ ಅನುಮಾನವಾದರೂ ಆಗ ಇರುವುದಿಲ್ಲ, ಮತ್ತು ಕೂಗಬೇಕೆಂದಿರುವವನು ಕೂಗಲಿಕ್ಕಾಗಿಯೇ ಕಾಲು ಗಂಟೆ ಮೊದಲು ಬರುವಷ್ಟು ಶ್ರಮ ಪಡುವುದು ಅಪರೂಪ.